ಮಡಿಕೇರಿಯ ಊಟದ ಮನೆ: ಕಾಚಂಪುಳಿಗೆ ಪೂರ್ಣ ಅಂಕ, ಕಾಫಿಗೆ ಇಲ್ಲ

ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿರುವ ಮಡಿಕೇರಿಗೆ ಬರುವವರಲ್ಲಿ ಹೆಚ್ಚಿನವರು ಅಬ್ಬಿ ಜಲಪಾತದೆದುರು ಫೋಟೊ ತೆಗೆಸಿಕೊಂಡು, ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಎಲ್ಲ ಊರಿನಲ್ಲೂ ಸಿಗುವ ಊಟವನ್ನೇ ಉಂಡು ಹಿಂತಿರುಗುತ್ತಾರೆ. ನಾವೂ ಎರಡು ಬಾರಿ ಹಾಗೆಯೇ ಮಾಡಿದ್ದೆವು. ಮೂರನೆಯ ಬಾರಿ ಶುಕ್ರವಾರದ ಸಂತೆ ಮುಗಿಸಿಕೊಂಡು, ಪರಿಚಯದವರು ಹೇಳಿದ್ದ, ಆರೇ ಮೇಜುಗಳಿರುವ ಒಂದು ಊಟದ ಮನೆಗೆ ಹೋದೆವು.

ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿ ಕರಿಯನ್ನು ನಾನು ಅಳೆಯುವುದು ಅದರ ಹುಳಿಯಿಂದ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಪುಳಿ ಎಂಬ ಹುಳಿಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದರೆ ಕಾಚಂಪುಳಿ ಸಿದ್ಧವಾಗುತ್ತದೆ; ರಾಶಿ ಹಣ್ಣಿನಿಂದ ಸಿಗುವುದು ಸ್ವಲ್ಪವೇ ಆದ್ದರಿಂದ ಅದು ಅಗ್ಗದ ವಸ್ತುವಲ್ಲ, ಹುಣಸೆಹಣ್ಣಿನಲ್ಲಿ ಕೆಲಸ ಸಾಗಿಸುವ ಹೋಟೆಲುಗಳೂ ಇವೆ. ಇಲ್ಲಿ ಹಾಗಾಗಿಲ್ಲ. ಜೀರಿಗೆ, ಸಾಸಿವೆ, ಕರಿಮೆಣಸು, ಕೊತ್ತಂಬರಿಗಳನ್ನು ಕಪ್ಪು ಬಣ್ಣ ಬರುವವರೆಗೆ, ಆದರೆ ಸೀಯದಂತೆ ಹುರಿದು ಪುಡಿ ಮಾಡಿದ್ದಾರೆ. ಮಾಂಸದ ಕೊಬ್ಬು ಬಾಯಿಗೆ ಅಂಟುವ ಮೊದಲೇ ಕಾಚಂಪುಳಿ ಅದನ್ನು ಕತ್ತರಿಸುತ್ತದೆ. ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು ಬೆರಳಿನಿಂದ ಮುರಿದಾಗ ಹಿಟ್ಟಾಗದೆ ತರಿತರಿಯಾಗಿಯೇ ಬಿಡಿಸಿಕೊಂಡು, ಗೊಜ್ಜನ್ನು ಹೀರಿಕೊಂಡಿತು. ಮಾಂಸ ತಿನ್ನದ ನನ್ನ ಹೆಂಡತಿಗೆ ಸಿಕ್ಕ ಕಣಿಲೆಯ (ಎಳೆ ಬಿದಿರಿನ) ಪಲ್ಯದಲ್ಲಿ ಉಪ್ಪು ಕೊಂಚ ಮುಂದಾಗಿತ್ತು, ಆದರೆ ಅಕ್ಕಿ ಶಾವಿಗೆಯಾದ ನೂಪುಟ್ಟು ಬಿಸಿಯಾಗಿ, ಎಳೆ ಮುರಿಯದೆ ಬಂದಿತು. ಆಗಸ್ಟ್ 3ರ ಹೊತ್ತಿಗೆ ಬಂದರೆ, ಆ ದಿನಗಳಲ್ಲಿ ಔಷಧಿಯ ಗುಣ ತುಂಬಿರುತ್ತದೆಂದು ಇಲ್ಲಿನವರು ನಂಬುವ ಮದ್ದುಸೊಪ್ಪಿನ ಕಡುನೇರಳೆ ಪಾಯಸವೂ ಇರುತ್ತದೆಯಂತೆ. (ಅದನ್ನು ಉಂಡ ಮರುದಿನ ಮೂತ್ರ ಕೆಂಪಾದರೆ ಹೊಸಬರು ಗಾಬರಿಪಡಬೇಕಾಗಿಲ್ಲ.)

ಊಟದ ಬೆಲೆ ಪಕ್ಕದ ಹೋಟೆಲುಗಳಿಗಿಂತ ಹೆಚ್ಚು. ಆದರೆ ಮೆಣಸು ಮನೆಯವರ ತೋಟದ ಬಳ್ಳಿಯದು, ಕಣಿಲೆ ಮತ್ತು ಅಕ್ಕಿ ಸಂತೆಯಲ್ಲಿ ಕೊಂಡದ್ದು ಎಂದು ಬಡಿಸುತ್ತಿದ್ದ ಅಮ್ಮ ಹೇಳಿದರು. ನಾವು ಕೊಟ್ಟ ಹಣದ ಬಹುಪಾಲು ಇದೇ ಬೆಟ್ಟಗಳಲ್ಲಿ ಉಳಿಯುತ್ತದೆ ಎನ್ನುವುದು ನನ್ನ ಮಟ್ಟಿಗೆ ಆ ಬೆಲೆಗೆ ಸಾಕಷ್ಟು ಸಮರ್ಥನೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ತೋಟ, ರಸ್ತೆ, ಪ್ರವಾಸಿಗರು ಎಲ್ಲವೂ ಒಟ್ಟಿಗೇ ಕೈತಪ್ಪಿದ್ದನ್ನು ಕಂಡ ಊರಿದು.

ನನ್ನ ತಕರಾರು ಕಾಫಿಯ ಬಗ್ಗೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯಲ್ಲಿ, ಇಲ್ಲಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೂ, ಊಟದ ಕೊನೆಗೆ ನಮ್ಮ ಮುಂದೆ ಬಂದದ್ದು ಚಿಕೋರಿಯೇ ಮೇಲುಗೈಯಾದ, ಸಕ್ಕರೆ ಮೊದಲೇ ಬೆರೆಸಿದ ಲೋಟ. ಕೇಳಿದಾಗ ಅಮ್ಮ ನಕ್ಕು, "ಒಳ್ಳೆ ಬೀಜ ಎಲ್ಲ ಮಾರಿಬಿಡ್ತೇವೆ, ನಮಗೆ ಉಳಿಯೋದು ಇದೇ" ಎಂದರು. ಉತ್ತರ ಪ್ರಾಮಾಣಿಕವಾದುದು, ಕಾಫಿ ಕುಡಿಯಲು ಮಾತ್ರ ಬೇರೆ ಕಡೆ ಹೋಗಿ.

ಮಧ್ಯಾಹ್ನ ಹನ್ನೆರಡೂವರೆಯೊಳಗೆ ತಲುಪುವುದು ಒಳ್ಳೆಯದು. ನಾವು ಕೈ ತೊಳೆಯುವ ಹೊತ್ತಿಗೆ ಕಡಂಬುಟ್ಟು ಮುಗಿದು, ಬಾಗಿಲಲ್ಲಿ ನಿಂತಿದ್ದವರಿಗೆ ಅನ್ನವನ್ನೇ ಬಡಿಸುತ್ತಿದ್ದರು. ಹೊರಡುವಾಗ ಗಲ್ಲಾದ ಬಳಿ ಹಳೆಯ ಔಷಧಿ ಬಾಟಲಿಯಂಥದರಲ್ಲಿ ತುಂಬಿಟ್ಟ ಕಾಚಂಪುಳಿಯನ್ನೂ ಕೇಳಿ ಕೊಂಡುಕೊಳ್ಳಬಹುದು. ನಮ್ಮ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಕುಶಾಲನಗರ ದಾಟುವಷ್ಟರಲ್ಲಿ ಇಡೀ ಕಾರು ಹುಳಿಯ ವಾಸನೆ ಹೊಡೆಯುತ್ತಿತ್ತು.