ಒಂದೇ ಅಕೇಶಿಯಾ ಕುಂಟೆ, ನಾಲ್ಕು ಗರಗಸ

ಹೋದ ಮಳೆಗಾಲದಲ್ಲಿ ನಮ್ಮ ತೋಟದ ಮೇಲಿನ ಬ್ಯಾಣದಲ್ಲಿ ಎರಡು ಅಕೇಶಿಯಾ, ಒಂದು ಹಲಸು ಗಾಳಿಗೆ ಉರುಳಿದವು. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಒಲೆಗೂ ಒಂದು ವರ್ಷದ ಸೌದೆ ಅಲ್ಲೇ ಬಿದ್ದಿತ್ತು. ಮರ ಕೊಯ್ಯುವವರನ್ನು ಕರೆದರೆ ಆ ದಿನಗಳಲ್ಲಿ ಯಾರೂ ಸಿಗುವುದಿಲ್ಲ, ಎಲ್ಲರ ಮನೆಯಲ್ಲೂ ಮರ ಬಿದ್ದಿರುತ್ತದೆ. ನನ್ನ ಹತ್ತಿರ ಮರ ಕೊಯ್ಯುವ ಎರಡು ಪೆಟ್ರೋಲ್ ಮಿಷನ್, ಅಂದರೆ ಚೈನ್ ಸಾ, ಇದ್ದವು. ಭಾವ ತನ್ನ ಬ್ಯಾಟರಿ ಮಿಷನ್ ತಂದುಕೊಟ್ಟ. ಅಟ್ಟದ ಮೇಲೆ ಅಪ್ಪನ ಕಾಲದ ಎರಡಾಳಿನ ಗರಗಸವೂ ಇತ್ತು. ನಾಲ್ಕನ್ನೂ ಒಂದೇ ಕುಂಟೆಯ, ಅಂದರೆ ಒಂದೇ ದಿಮ್ಮಿಯ ಮೇಲೆ ಓಡಿಸಿ ನೋಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವು ಬಿದ್ದ ಮರಗಳು. ನಿಂತ ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗಳಿಗೆ ರಿಯಾಯಿತಿ, ಉಳಿದವಕ್ಕೆ ಅನುಮತಿ ಬೇಕು. ಫಾರೆಸ್ಟ್ ಆಫೀಸಿನಲ್ಲಿ ಕೇಳಿಕೊಂಡೇ ಮಿಷನ್ ಎತ್ತಿ.

ಕುಂಟೆ ಹತ್ತು ಇಂಚು ದಪ್ಪದ ಹಸಿ ಅಕೇಶಿಯಾ. ಎರಡಾಳಿನ ಗರಗಸಕ್ಕೆ ನಾನೂ ಪಕ್ಕದ ಮನೆಯ ಹುಡುಗನೂ ಸೇರಿ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಬ್ಯಾಟರಿ ಮಿಷನ್ ಅರ್ಧ ನಿಮಿಷ ತೆಗೆದುಕೊಂಡಿತು. ಸಣ್ಣ ಪೆಟ್ರೋಲ್ ಮಿಷನ್ ಇಪ್ಪತ್ತು ಸೆಕೆಂಡ್. ಆನ್‌ಲೈನಿನಲ್ಲಿ ತರಿಸಿದ 58 ಸಿಸಿ ಮಿಷನ್ ಹನ್ನೆರಡೇ ಸೆಕೆಂಡ್. ಇಷ್ಟೇ ನೋಡಿದರೆ 58 ಸಿಸಿ ಗೆದ್ದ ಹಾಗೆ, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಸೌದೆ ಒಂದು ಕೊಯ್ತದಲ್ಲಿ ಮುಗಿಯುವ ಕೆಲಸ ಅಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕೊಯ್ದ ಮೇಲೆ ಲೆಕ್ಕ ಬದಲಾಯಿತು.

58 ಸಿಸಿ ಮಿಷನ್‌ಗೆ 22 ಇಂಚಿನ ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ. ದಪ್ಪ ಬೊಡ್ಡೆಗೆ ಚೆನ್ನಾಗಿ ಇಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹಲಸಿನ ಬುಡ ಎರಡು ಅಡಿಗೆ ಹತ್ತಿರ ಇತ್ತು, ಅದನ್ನು ಇದೇ ತುಂಡು ಮಾಡಿದ್ದು. ಆದರೆ ತೂಕ ಜಾಸ್ತಿ, ನಡುಕ ಇನ್ನೂ ಜಾಸ್ತಿ. ಒಂದು ಟ್ಯಾಂಕ್ ಮುಗಿಯುವ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತದೆ. ಊಟಕ್ಕೆ ಕೂತಾಗ ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ಇಳಿಜಾರಿನ ಬ್ಯಾಣದಲ್ಲಿ ಸುಸ್ತಾದ ಕೈಯಲ್ಲಿ ಉದ್ದ ಬಾರ್ ಹಿಡಿದು ನಿಲ್ಲುವುದು ಒಳ್ಳೆಯದಲ್ಲ.

ಅದರ ಎರಡನೇ ತೊಂದರೆ ಚೈನ್ ಎಣ್ಣೆ. ಚೈನ್ ಸಾ ಓಡುವಾಗ ಬಾರ್ ಮೇಲೆ ಎಣ್ಣೆ ಬೀಳುತ್ತಾ ಇರಬೇಕು. ಇದನ್ನು ನೋಡಲು ಸುಲಭದ ದಾರಿ ಇದೆ. ಒಂದು ಒಣ ಅಡಿಕೆ ಹಾಳೆಯನ್ನು ನೆಲದ ಮೇಲೆ ಹಾಸಿ. ಬಾರಿನ ತುದಿಯನ್ನು ಅದರಿಂದ ಗೇಣು ಮೇಲೆ ಹಿಡಿದು ಆಕ್ಸಿಲರೇಟರ್ ಒತ್ತಿ. ಹಾಳೆಯ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಸಣ್ಣ ಮಿಷನ್ ಕೂಡಲೇ ಗೆರೆ ಎಳೆಯಿತು. 58 ಸಿಸಿಯದ್ದು ಎರಡನೇ ವಾರಕ್ಕೆ ಹಾಳೆಯನ್ನು ಒಣಗೇ ಬಿಟ್ಟಿತು. ಬಾರ್ ಮುಟ್ಟಲಾಗದಷ್ಟು ಕಾದು, ಅಂಚು ನೀಲಿಗಟ್ಟಿತ್ತು. ಬಿಚ್ಚಿ ನೋಡಿದರೆ ಎಣ್ಣೆಯ ಸಣ್ಣ ಪೈಪು ಸೀಳಿತ್ತು. ಐವತ್ತು ರೂಪಾಯಿಯ ಸಾಮಾನು. ಮಾರಿದವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಆ ಅಂಗಡಿಯೇ ಆನ್‌ಲೈನಿನಲ್ಲಿ ಕಾಣಲಿಲ್ಲ. ಪೇಟೆಯ ಮೆಕ್ಯಾನಿಕ್ ಬೇರೆ ಪೈಪು ಹೊಂದಿಸಿ ಕೊಡಲು ಹನ್ನೆರಡು ದಿನ ಹಿಡಿಯಿತು.

ಸಣ್ಣ ಮಿಷನ್ ಸ್ಟಿಲ್ ಕಂಪನಿಯ ಎಂಎಸ್ 180. 31.8 ಸಿಸಿ, ನನ್ನದಕ್ಕೆ 16 ಇಂಚಿನ ಬಾರ್. 58 ಸಿಸಿಗೆ ಕೊಟ್ಟದ್ದರ ಹತ್ತಿರ ಹತ್ತಿರ ಮೂರು ಪಟ್ಟು ದುಡ್ಡು ಕೊಟ್ಟೆ. ಆವತ್ತು ಮನೆಯಲ್ಲಿ ಮಾತು ಕೇಳಬೇಕಾಯಿತು, ಈಗ ಯಾರೂ ಕೇಳುವುದಿಲ್ಲ. ಬಾರ್ ಇಲ್ಲದೆ ಸುಮಾರು ನಾಲ್ಕು ಕಿಲೋ ತೂಗುತ್ತದೆ. ದಿನವಿಡೀ ಹಿಡಿಯಬಹುದು. ಸೌದೆಗೆ ಬರುವ ಮರದಲ್ಲಿ ಮುಕ್ಕಾಲು ಪಾಲು ಹತ್ತು ಹನ್ನೆರಡು ಇಂಚಿನ ಒಳಗಿನದ್ದೇ. ಅದಕ್ಕೆ ಇದು ಸಾಕು.

ಎರಡರ ಪೆಟ್ರೋಲ್ ಲೆಕ್ಕ ಬೇರೆ ಬೇರೆ, ಇಲ್ಲಿ ಎಡವಬೇಡಿ. ಎರಡೂ ಟೂ ಸ್ಟ್ರೋಕ್, ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲೇಬೇಕು. ನನ್ನ 58 ಸಿಸಿಗೆ ಲೀಟರಿಗೆ 40 ಎಂಎಲ್. ಸ್ಟಿಲ್‌ಗೆ ಅವರದೇ ಆಯಿಲ್ ಆದರೆ ಲೀಟರಿಗೆ 20 ಎಂಎಲ್. ಕ್ಯಾನ್ ಮೇಲೆ ದೊಡ್ಡದಾಗಿ ಬರೆದಿಡಿ. ಬೈಕಿಗೆ ತಂದ ಸಾದಾ ಪೆಟ್ರೋಲನ್ನು ಯಾರಾದರೂ ಗೊತ್ತಿಲ್ಲದೆ ಸುರಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಆಮೇಲೆ ದೊಡ್ಡ ಖರ್ಚು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಮಿಕ್ಸ್ ಮಾಡಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಮಿಷನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಬ್ಯಾಟರಿಯದ್ದರ ಬಗ್ಗೆ ನನಗೆ ಅಷ್ಟು ನಂಬಿಕೆ ಇರಲಿಲ್ಲ. 36 ವೋಲ್ಟ್, 14 ಇಂಚಿನ ಬಾರ್. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಳ್ಳುವುದಿಲ್ಲ, ಹೊಗೆ ಇಲ್ಲ, ಹಟ್ಟಿಯ ಪಕ್ಕ ಕೊಯ್ದರೂ ದನ ಬೆದರಲಿಲ್ಲ. ಆದರೆ ಇದೇ ಅಕೇಶಿಯಾದಲ್ಲಿ ಮೂವತ್ತು ಕೊಯ್ತ ದಾಟುವ ಮೊದಲೇ ಬ್ಯಾಟರಿ ಮುಗಿಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎರಡು ಮೂರು ದಿನ ಇಲ್ಲದಿರುವುದೂ ಉಂಟು. ಮರ ಬೀಳುವುದೂ ಅದೇ ದಿನಗಳಲ್ಲಿ. ಪೇಟೆ ಹತ್ತಿರ ಇರುವವರಿಗೆ, ಗೆಲ್ಲು ಸವರುವವರಿಗೆ, ಮನೆಯಲ್ಲೇ ಮರದ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೂ ಸಣ್ಣ, ಒಂದೇ ಕೈಯಲ್ಲಿ ಹಿಡಿಯುವ ಆರಿಂಚಿನ ಬ್ಯಾಟರಿ ಗರಗಸಗಳು ಬರುತ್ತವಲ್ಲ, ಅವು ಕಾಫಿ ಗಿಡದ ಚಿಗುರಿಗೂ ತೆಳು ಗೆಲ್ಲಿಗೂ ಸರಿ. ಸೌದೆಗೆ ಬೇಡ.

ಇನ್ನು ಮುಖ್ಯ ವಿಷಯ. ಈ ಸೆಕೆಂಡ್ ಲೆಕ್ಕವೆಲ್ಲ ಚೈನ್ ಹರಿತ ಇದ್ದಾಗಿನದು. ಮಧ್ಯಾಹ್ನ 58 ಸಿಸಿಯ ಬಾರ್ ಒಮ್ಮೆ ಮಣ್ಣಿಗೆ ತಾಗಿತು, ಅರೆಗಳಿಗೆ ಅಷ್ಟೇ. ಆಮೇಲೆ ಅದೇ ಕುಂಟೆಗೆ ನಲವತ್ತು ಸೆಕೆಂಡ್ ಬೇಕಾಯಿತು, ಅದೂ ಮೈಭಾರ ಹಾಕಿ ಒತ್ತಿದ ಮೇಲೆ. ಕೇರಿಯ ಹಿರಿಯರೊಬ್ಬರು, ಹಿಂದೆ ನಾಟಾ ಕೊಯ್ಯುತ್ತಿದ್ದವರು, ದಾರಿಯಲ್ಲಿ ನಿಂತು ನೋಡಿ, "ಒತ್ತಬೇಡ ಮಾರಾಯ, ಅರ ಹಾಕು ಮೊದ್ಲು" ಅಂದರು. ಕೆಳಗೆ ಬಿದ್ದ ಪುಡಿ ತೋರಿಸಿದರು. ಹರಿತ ಇದ್ದಾಗ ತೆಳು ಅವಲಕ್ಕಿಯಂಥ ಚೂರು ಹಾರುತ್ತದೆ. ಮೊಂಡಾದಾಗ ರಾಗಿಹಿಟ್ಟಿನ ಹಾಗೆ ನುಣ್ಣಗೆ ಉದುರುತ್ತದೆ. ಹಿಟ್ಟು ಕಂಡ ಕೂಡಲೇ ನಿಲ್ಲಿಸಿ.

ಅರ ಹಾಕುವುದು ಕಷ್ಟ ಇಲ್ಲ, ಆದರೆ ಸರಿಯಾದ ಅಳತೆಯ ದುಂಡು ಅರ ಬೇಕು. ನನ್ನ ಸ್ಟಿಲ್ ಚೈನಿಗೆ 4 ಮಿಲಿಮೀಟರ್, 58 ಸಿಸಿಯದ್ದಕ್ಕೆ 4.8. ಒಂದು ಅಂಗಡಿಯಲ್ಲಿ "ಎರಡಕ್ಕೂ ಇದೇ ಆಗುತ್ತೆ" ಅಂತ ದಪ್ಪದ್ದನ್ನೇ ಕೊಟ್ಟರು. ಸಣ್ಣ ಚೈನಿನ ಹಲ್ಲು ಹಾಳಾಗಿ ಹೊಸ ಚೈನ್ ತರಬೇಕಾಯಿತು. ಹಲ್ಲಿನ ಒಳಗಿನಿಂದ ಹೊರಕ್ಕೆ, 30 ಡಿಗ್ರಿ ಓರೆಯಲ್ಲಿ, ಪ್ರತಿ ಹಲ್ಲಿಗೂ ಲೆಕ್ಕ ಹಾಕಿ ಒಂದೇ ಸಮ ಮೂರು ನಾಲ್ಕು ಸಲ ಮುಂದಕ್ಕೆ ತಳ್ಳಿ. ಹಿಂದಕ್ಕೆ ಉಜ್ಜಬಾರದು. ಒಂದು ಕಡೆ ಜಾಸ್ತಿ ತಿಕ್ಕಿದರೆ ಕೊಯ್ತ ಸೊಟ್ಟ ಹೋಗುತ್ತದೆ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಅರವನ್ನೂ ಹಾಕಿದರೆ ಐದು ನಿಮಿಷದ ಕೆಲಸ. ಹೀಗೆ ನೋಡಿಕೊಂಡ 32 ಸಿಸಿ ಮಿಷನ್, ಮೊಂಡ ಚೈನಿನ 58 ಸಿಸಿಯನ್ನು ದಿನದ ಕೊನೆಯಲ್ಲಿ ಸುಲಭವಾಗಿ ಹಿಂದೆ ಹಾಕುತ್ತದೆ. ನನ್ನ ರಾಶಿಯಲ್ಲಿ ಕಂಡದ್ದೂ ಅದೇ.

ಅಪಾಯದ ವಿಷಯಕ್ಕೆ ಬಂದರೆ, ಬಾರಿನ ತುದಿಯ ಮೇಲಿನ ಭಾಗ ಯಾವುದಕ್ಕೂ ತಾಗಬಾರದು. ಎಲೆಯ ಹಿಂದೆ ಇದ್ದ ಗೆಲ್ಲೊಂದು ನನಗೆ ಕಂಡಿರಲಿಲ್ಲ. ತುದಿ ತಾಗಿದ್ದೇ ಮಿಷನ್ ಎಗರಿ ಮುಖದ ಕಡೆ ಬಂತು. ಮುಂದಿನ ಬ್ರೇಕಿಗೆ ಕೈ ತಾಗಿ ಚೈನ್ ನಿಂತಿತು. ಎಡಗೈ ಹೆಬ್ಬೆರಳು ಹಿಡಿಕೆಯ ಸುತ್ತ ಬಿಗಿಯಾಗಿ ಇದ್ದದ್ದರಿಂದ ಉಳಿದೆ. ಬೇರು ಸಮೇತ ಬಿದ್ದ ಮರದಲ್ಲಿ ಇನ್ನೊಂದು ಅಪಾಯ: ಕಾಂಡ ಕೊಯ್ದ ಕೂಡಲೇ ಬುಡ ಮಣ್ಣಿನ ಗುಡ್ಡೆ ಸಮೇತ ವಾಪಸ್ ಎದ್ದು ನಿಲ್ಲಬಹುದು. ಆ ಗುಂಡಿಯ ಹತ್ತಿರ ಮಕ್ಕಳೂ ಆಳುಗಳೂ ಯಾರೂ ನಿಲ್ಲಬಾರದು. ಲುಂಗಿ ಉಟ್ಟು, ಬರಿಗಾಲಲ್ಲಿ ದಯವಿಟ್ಟು ಚೈನ್ ಸಾ ಹಿಡಿಯಬೇಡಿ. ಪ್ಯಾಂಟು, ಬೂಟು, ಕನ್ನಡಕ, ಕಿವಿಗೆ ಮುಚ್ಚಳ ಇರಲಿ. ಮರ ಹತ್ತಿ ಗೆಲ್ಲು ಕೊಯ್ಯುವುದಕ್ಕಂತೂ ಕೈಗರಗಸವೇ ಸರಿ.

ಎರಡಾಳಿನ ಗರಗಸವನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಹಲಸಿನ ಒಂದು ತುಂಡನ್ನು ಉದ್ದಕ್ಕೆ ಸೀಳಿ ಮಣೆ ಮಾಡೋಣ ಅಂತ ಮೊದಲು ಸ್ಟಿಲ್ ಹಿಡಿದೆ. ಉದ್ದಕ್ಕೆ ಕೊಯ್ಯುವಾಗ ಚೂರಿನ ಬದಲು ಶಾವಿಗೆಯಂಥ ಹಳದಿ ಎಳೆ ಬಂದು ಚೈನಿನ ಮುಚ್ಚಳದೊಳಗೆ ಗಿಡಿದುಕೊಂಡಿತು. ಅಡ್ಡ ಕೊಯ್ಯುವ ಚೈನ್ ಅದು. ಉದ್ದಕ್ಕೆ ಸೀಳಲು 10 ಡಿಗ್ರಿ ಓರೆಯ ಬೇರೆ ಚೈನೇ ಬೇಕು. ಕೊನೆಗೆ ತುಂಡನ್ನು ಬೆಣೆ ಹೊಡೆದು ಸೀಳಿದೆ, ಮಣೆಯ ಎರಡು ತುದಿಯನ್ನು ಅಪ್ಪನ ಗರಗಸದಲ್ಲಿ ನೇರ ಮಾಡಿದೆ, ಮೇಲೆ ಉಳಿ, ಹತ್ತರಿ. ಈಗ ಅಡಿಕೆ ಸುಲಿಯಲು ಅಮ್ಮ ಅದರ ಮೇಲೇ ಕೂರುತ್ತಾಳೆ.