ರೆಡ್ ಸ್ಟಾರ್ 3.0 ಬಳಸಿ ನೋಡಿದೆ: ಕಿಮ್ ಮನೆತನ ಯಾಕೆ ಬೀಳುವುದಿಲ್ಲ ಅಂತ ಈಗ ಅರ್ಥವಾಗುತ್ತಿದೆ

ಉತ್ತರ ಕೊರಿಯಾ ಸರ್ಕಾರ ತನ್ನ ಜನರಿಗಾಗಿ ಮಾಡಿಸಿದ ಆಪರೇಟಿಂಗ್ ಸಿಸ್ಟಮ್ (ಓಎಸ್, ಅಂದರೆ ವಿಂಡೋಸ್ ತರ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಒಂದಿದೆ. ಹೆಸರು ರೆಡ್ ಸ್ಟಾರ್. ಮಾಡಿದವರು ಅಲ್ಲಿನ ಕೊರಿಯಾ ಕಂಪ್ಯೂಟರ್ ಸೆಂಟರ್. ಇದರ 3.0 ಆವೃತ್ತಿ ಹೇಗೋ ದೇಶ ದಾಟಿ ಬಂದು ಇಂಟರ್ನೆಟ್ ಸೇರಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನನಗೆ ತುಂಬಾ ದಿನದಿಂದ ಒಂದು ಪ್ರಶ್ನೆ ಕಾಡುತ್ತಿತ್ತು. 1948ರಿಂದ ಅಜ್ಜ, ಮಗ, ಮೊಮ್ಮಗ ಅಂತ ಕಿಮ್ ಎಂಬ ಒಂದೇ ಮನೆಯವರು ಅಲ್ಲಿ ಆಳುತ್ತಿದ್ದಾರೆ. 1990ರ ದಶಕದ ಬರಗಾಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಗಲೂ ಸರ್ಕಾರ ಅಲ್ಲಾಡಲಿಲ್ಲ. ಹೇಗೆ ಸಾಧ್ಯ? ಇದರ ಬಗ್ಗೆ ಸಾಕಷ್ಟು ಓದಿದ್ದೆ, ಆದರೆ ಓದಿದ್ದು ಕಣ್ಣಿಗೆ ಕಟ್ಟಿದ್ದು ಈ ಓಎಸ್ ಹಾಕಿ ಒಂದು ವಾರ ಕೂತು ನೋಡಿದ ಮೇಲೇ.

ವರ್ಚುವಲ್ ಮಷಿನ್‌ನಲ್ಲಿ (ನನ್ನ ಕಂಪ್ಯೂಟರ್ ಒಳಗೇ ಬೇರೆಯಾಗಿ ನಡೆಯುವ ನಕಲಿ ಕಂಪ್ಯೂಟರ್) ಹಾಕಿದೆ, ನೆಟ್ ಪೂರ್ತಿ ತೆಗೆದಿದ್ದೆ. ನೋಡೋಕೆ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಹಿಂದಿನ 2.0 ವಿಂಡೋಸ್ ಎಕ್ಸ್‌ಪಿ ತರ ಇತ್ತು, ಇದು ಮ್ಯಾಕ್ ತರ ಇದೆ. ಕೆಳಗೆ ಐಕಾನ್‌ಗಳ ಸಾಲು, ಹೊಳೆಯುವ ಬಟನ್‌ಗಳು. ಒಳಗಿರುವುದು ಯಾರು ಬೇಕಾದರೂ ಬದಲಾಯಿಸಬಹುದಾದ ಲಿನಕ್ಸ್ ಓಎಸ್, ಅದರ ಫೆಡೋರಾ ಅನ್ನುವ ರೂಪದ ಮೇಲೆ ಕಟ್ಟಿದ್ದು. ಎಲ್ಲ ಕೊರಿಯನ್ ಭಾಷೆಯಲ್ಲೇ ಬರುತ್ತದೆ. ಸೆಟ್ಟಿಂಗ್ ಫೈಲ್‌ಗಳಿಗೆ ಕೈ ಹಾಕಿ ಬದಲಾಯಿಸಿದರೆ ಇಂಗ್ಲಿಷ್ ಸಿಗುತ್ತದೆ. ಸೊಗ್ವಾಂಗ್ ಅಂತ ಆಫೀಸ್ ಸಾಫ್ಟ್‌ವೇರ್ ಇದೆ, ಸಂಗೀತ ಬರೆಯುವ ಪ್ರೋಗ್ರಾಂ ಇದೆ. ದಿನನಿತ್ಯದ ಕೆಲಸಕ್ಕೆ ಏನೂ ಕಡಿಮೆ ಇಲ್ಲ.

ಬ್ರೌಸರ್ ತೆರೆದಾಗ ಮೊದಲ ಸಲ ನಿಂತು ಯೋಚಿಸಿದೆ. ನೇನಾರಾ ಅಂತ ಹೆಸರು, ಅಂದರೆ ‘ನನ್ನ ದೇಶ’. ಫೈರ್‌ಫಾಕ್ಸ್ ಅನ್ನೇ ಬದಲಾಯಿಸಿ ಮಾಡಿದ್ದಾರೆ. ತೆರೆದ ಕೂಡಲೇ ಅದು 10.76.1.11 ಅನ್ನುವ ವಿಳಾಸಕ್ಕೆ ಹೋಗಲು ನೋಡುತ್ತದೆ. ನೆಟ್‌ವರ್ಕ್ ಕೆಲಸ ಮಾಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ: 10ರಿಂದ ಶುರುವಾಗುವ ವಿಳಾಸ ಒಂದು ಕಚೇರಿಯ ಒಳಗೆ ಮಾತ್ರ ನಡೆಯುವಂಥದ್ದು, ಹೊರಗಿನ ಇಂಟರ್ನೆಟ್‌ನಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಇಡೀ ದೇಶದ ಜಾಲವನ್ನೇ ಒಂದು ಕಟ್ಟಡದ ಜಾಲದ ಹಾಗೆ ಕಟ್ಟಿದ್ದಾರೆ. ಅಲ್ಲಿ ‘ಹೊರಗೆ’ ಅನ್ನುವುದೇ ಇಲ್ಲ.

ಅಕ್ಷರಗಳ ವಿಷಯವನ್ನೂ ಹೇಳಬೇಕು. ಕಂಪ್ಯೂಟರ್‌ಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ; ಆ ಸಂಖ್ಯೆಗಳ ಅಲ್ಲಿನ ರಾಷ್ಟ್ರೀಯ ಪಟ್ಟಿಯಲ್ಲಿ (ಕೆಪಿಎಸ್ 9566) ನಾಯಕರ ಹೆಸರಿನ ಅಕ್ಷರಗಳಿಗೆ ಬೇರೆಯೇ ಜಾಗ ಕೊಟ್ಟಿದ್ದಾರೆ, ಪಕ್ಕದ ಅಕ್ಷರಗಳಿಗಿಂತ ದಪ್ಪಗೆ ಎದ್ದು ಕಾಣಲಿ ಅಂತ. ಕಿಮ್ ಅನ್ನುವುದು ಅಲ್ಲಿ ತೀರಾ ಸಾಮಾನ್ಯ ಹೆಸರು. ಆದರೆ ಊರಿನ ಕಿಮ್‌ಗೆ ಒಂದು ಸಂಕೇತ, ಆಳುವ ಕಿಮ್‌ಗೆ ಇನ್ನೊಂದು.

ಈಗ ಮುಖ್ಯ ವಿಷಯ. ಫ್ಲೋರಿಯನ್ ಗ್ರುನೊವ್ ಮತ್ತು ನಿಕ್ಲೌಸ್ ಶೀಸ್ ಎಂಬ ಇಬ್ಬರು ಜರ್ಮನ್ ಸಂಶೋಧಕರು ಈ ಓಎಸ್ ಅನ್ನು ಬಿಚ್ಚಿ ನೋಡಿ, 2015ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ವಿವರಿಸಿದರು. ಒಳಗಿನ ಮುಖ್ಯ ಫೈಲ್‌ಗಳನ್ನು ಯಾರಾದರೂ ಮುಟ್ಟಿದರೆ ಸಿಸ್ಟಮ್ ತಾನೇ ರೀಬೂಟ್ ಆಗುತ್ತದೆ. ಅದು ಸಣ್ಣ ವಿಷಯ. ದೊಡ್ಡದು ಗುರುತು ಹಾಕುವ ಕೆಲಸ. ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಅದರಲ್ಲಿರುವ ಫೋಟೊ, ವಿಡಿಯೊ, ಡಾಕ್ಯುಮೆಂಟ್‌ಗಳ ಒಳಗೆ ನಿಮ್ಮ ಹಾರ್ಡ್ ಡಿಸ್ಕ್‌ನ ಸೀರಿಯಲ್ ನಂಬರ್ (ಪ್ರತಿ ಡಿಸ್ಕ್‌ಗೂ ಇರುವ ಬೇರೆ ಬೇರೆ ಗುರುತಿನ ಸಂಖ್ಯೆ) ಗುಟ್ಟಾಗಿ ಸೇರಿಕೊಳ್ಳುತ್ತದೆ. ಫೈಲ್ ತೆರೆಯುವುದೂ ಬೇಡ. ಫೋಟೊ ಮೊದಲಿನಂತೆಯೇ ಕಾಣುತ್ತದೆ, ವಿಡಿಯೊ ಮೊದಲಿನಂತೆಯೇ ಓಡುತ್ತದೆ.

ಇದರ ಅರ್ಥ ಏನು ಅಂತ ನಿಧಾನಕ್ಕೆ ಯೋಚಿಸಿ. ಒಬ್ಬಳು ಹುಡುಗಿಯ ಕೈಗೆ ದಕ್ಷಿಣ ಕೊರಿಯಾದ ಒಂದು ಧಾರಾವಾಹಿ ಸಿಕ್ಕಿತು ಅಂದುಕೊಳ್ಳಿ. ಗೆಳತಿಗೆ ಕೊಟ್ಟಳು. ಗೆಳತಿ ಅಣ್ಣನಿಗೆ ಕೊಟ್ಟಳು. ಅವನ ಹತ್ತಿರ ಪೊಲೀಸರಿಗೆ ಸಿಕ್ಕಿತು. ಆ ಫೈಲ್‌ನಲ್ಲಿ ಮೂರೂ ಕಂಪ್ಯೂಟರ್‌ಗಳ ಗುರುತು ಸಾಲಾಗಿ ಕೂತಿರುತ್ತದೆ. ಯಾರಿಂದ ಯಾರಿಗೆ ಹೋಯಿತು ಅಂತ ಯಾರೂ ಬಾಯಿ ಬಿಡಬೇಕಾಗಿಲ್ಲ. ನಾನು ಈ ಓಎಸ್ ಹಾಕುವ ಮೊದಲು ಅಂದುಕೊಂಡಿದ್ದು, ಇದು ಹೊರಗಿನ ಸುದ್ದಿ ತಡೆಯುವ ಗೋಡೆ ಇರಬೇಕು ಅಂತ. ಗೋಡೆ ಇದೆ, ನಿಜ. ಆದರೆ ಇಲ್ಲಿ ಜಾಸ್ತಿ ಶ್ರಮ ಹೋಗಿರುವುದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿಯ ಮೇಲೆ. ಗೆಳತಿಗೆ ಕೊಡಲು ಕೈ ನಡುಗಬೇಕು, ಅಷ್ಟು ಆದರೆ ಸಾಕು ಅವರಿಗೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಅಲ್ಲಿ ಇದೇ ನಡೆದಿದ್ದು. 20ರಿಂದ 40 ಮನೆಗಳಿಗೆ ಒಂದು ಇನ್ಮಿನ್‌ಬಾನ್, ಅಂದರೆ ನೆರೆಹೊರೆಯ ಗುಂಪು. ಅದಕ್ಕೊಬ್ಬ ಮುಖ್ಯಸ್ಥೆ. ಯಾರ ಮನೆಗೆ ಯಾರು ಬಂದರು, ರಾತ್ರಿ ಉಳಿದರಾ ಅಂತ ಲೆಕ್ಕ ಇಡುವುದು ಆಕೆಯ ಕೆಲಸ. ಸೊಂಗ್‌ಬುನ್ ಅಂತ ಇನ್ನೊಂದಿದೆ. ನಿಮ್ಮ ಅಜ್ಜ ಜಪಾನಿನ ಆಳ್ವಿಕೆಯಲ್ಲಿ ಏನಾಗಿದ್ದ, ಕೊರಿಯಾ ಯುದ್ಧದಲ್ಲಿ ಯಾವ ಕಡೆ ಇದ್ದ ಅನ್ನುವುದರ ಮೇಲೆ ನಿಮ್ಮ ಓದು, ಕೆಲಸ, ಪ್ಯಾಂಗ್‌ಯಾಂಗ್‌ನಲ್ಲಿ ಇರಬಹುದೋ ಇಲ್ಲವೋ ಎಲ್ಲವೂ ನಿಂತಿದೆ. ಒಬ್ಬ ತಪ್ಪು ಮಾಡಿದರೆ ಅವನ ಅಪ್ಪ ಅಮ್ಮ, ಮಕ್ಕಳನ್ನೂ ಕೈದಿಗಳ ಶಿಬಿರಕ್ಕೆ ಹಾಕುವ ಪದ್ಧತಿ ಇದೆ. ತನ್ನ ಜೀವ ಪಣಕ್ಕಿಡುವ ಧೈರ್ಯ ಎಷ್ಟೋ ಜನರಿಗೆ ಇರಬಹುದು. ಮಗುವಿನ ಜೀವ ಪಣಕ್ಕಿಡುವವರು ಯಾರಿದ್ದಾರೆ ಹೇಳಿ?

1989ರ ಡಿಸೆಂಬರ್ 21ರಂದು ರೊಮೇನಿಯಾದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಬಾಲ್ಕನಿಯಲ್ಲಿ ಭಾಷಣ ಮಾಡುತ್ತಿದ್ದಾಗ, ಆತನೇ ಸೇರಿಸಿದ್ದ ಜನರ ನಡುವಿನಿಂದ ಕೂಗು ಎದ್ದಿತು. ಟಿವಿಯಲ್ಲಿ ನೇರ ಪ್ರಸಾರವಾಗುತ್ತಿತ್ತು. ಪಕ್ಕದ ಮನೆಯವರಿಗೂ ಸಾಕಾಗಿದೆ ಅಂತ ಒಂದೇ ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಯಿತು. ಮರುದಿನ ಸೇನೆ ತಿರುಗಿ ನಿಂತಿತು, ನಾಲ್ಕು ದಿನದಲ್ಲಿ ಆತನ ಕಥೆ ಮುಗಿಯಿತು. ಉತ್ತರ ಕೊರಿಯಾದ ಇಡೀ ವ್ಯವಸ್ಥೆ ಇರುವುದೇ ಆ ಒಂದು ಕ್ಷಣ ಬಾರದಿರಲಿ ಅಂತ.

ಉತ್ತರ ಕೊರಿಯಾದಲ್ಲಿ ಅಧಿಕಾರದ ಮೇಲಿನ ಹಂತದವರಿಗೂ ಅಷ್ಟೇ. ಗುಪ್ತದಳ, ಪೊಲೀಸ್, ಸೇನೆಯೊಳಗಿನ ಭದ್ರತಾ ವಿಭಾಗ, ಮೂರೂ ಒಂದರ ಮೇಲೊಂದು ಕಣ್ಣಿಟ್ಟಿರುತ್ತವೆ. 2013ರ ಡಿಸೆಂಬರ್‌ನಲ್ಲಿ ಈಗಿನ ನಾಯಕ ಕಿಮ್ ಜಾಂಗ್ ಉನ್ ತನ್ನ ಸೋದರತ್ತೆಯ ಗಂಡ ಜಾಂಗ್ ಸಾಂಗ್ ಥೇಕ್‌ಗೇ ಮರಣದಂಡನೆ ಕೊಡಿಸಿದ. ಅದನ್ನು ನೋಡಿದ ಅಧಿಕಾರಿಗಳು ಒಬ್ಬರಿಗೊಬ್ಬರು ಏನು ಮಾತಾಡಿಕೊಂಡಾರು? ಚೀನಾದ ವ್ಯಾಪಾರ, 2006ರಿಂದ ನಡೆಸಿದ ಅಣು ಪರೀಕ್ಷೆಗಳು ಹೊರಗಿನ ಒತ್ತಡದಿಂದ ಕಾಪಾಡಿವೆ, ಅದನ್ನು ಎಲ್ಲರೂ ಬರೆದಿದ್ದಾರೆ. ಒಳಗಿನಿಂದ ಬೀಳದಂತೆ ಹಿಡಿದಿರುವುದು ಮಾತ್ರ ಈ ಅಪನಂಬಿಕೆಯೇ ಅನ್ನುವುದು ನನ್ನ ಅನಿಸಿಕೆ.

ಹಾಗಂತ ಇದು ಪೂರ್ತಿ ಗೆದ್ದಿದೆ ಅಂತಲೂ ಅಲ್ಲ. 2020ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ದಕ್ಷಿಣದ ಸಿನಿಮಾ, ಹಾಡು ಇಟ್ಟುಕೊಂಡರೆ ಜೈಲು, ಹಂಚಿದರೆ ಮರಣದಂಡನೆಯವರೆಗೂ ಹೋಗಬಹುದು. ಇಷ್ಟೆಲ್ಲ ಗುರುತು ಹಾಕಿದ ಮೇಲೂ ಅಂಥ ಕಾನೂನು ಬೇಕಾಯಿತು ಅಂದರೆ ಜನ ಇನ್ನೂ ಹಂಚಿಕೊಳ್ಳುತ್ತಿದ್ದಾರೆ ಅಂತಲೇ ತಾನೇ? ಅದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

ಐದಕ್ಕೆ ಎಷ್ಟು ಅಂತ ಕೇಳಿದರೆ ತಾಂತ್ರಿಕ ಕೆಲಸಕ್ಕೆ ನಾಲ್ಕು, ಬಳಸುವವರ ಪಾಲಿಗೆ ಸೊನ್ನೆ. ಹಾಕಿ ನೋಡುವ ಆಸಕ್ತಿ ಇದ್ದವರು ವರ್ಚುವಲ್ ಮಷಿನ್‌ನಲ್ಲೇ ಹಾಕಿ, ನೆಟ್ ಕೊಡಬೇಡಿ. ಮನೆಯ ಫೋಟೊ ಇರುವ ಪೆನ್‌ಡ್ರೈವ್ ಸುಮ್ನೆ ಕುತೂಹಲಕ್ಕೂ ಅದಕ್ಕೆ ಚುಚ್ಚಬೇಡಿ, ಖಾಲಿಯದೊಂದು ಬೇರೆ ಇಟ್ಟುಕೊಳ್ಳಿ.