ಫಿಮೋ ಸಾಫ್ಟ್ ಕ್ಲೇ: ಆರು ಪೆನ್ ಮಾಡಿ, ನಾಲ್ಕು ತಿಂಗ್ಳು ಬರೆದು ನೋಡಿದ್ಮೇಲೆ

ಮೊದ್ಲೇ ಹೇಳಿಬಿಡ್ತೀನಿ, ಮಾಮೂಲಿ ಪೆನ್ನಿನ ಕೊಳವೆಗೆ ಬಣ್ಣದ ಕ್ಲೇ ಸುತ್ತಿ ಕೈಯಲ್ಲೇ ಪೆನ್ ಮಾಡ್ಬೇಕು ಅಂತ ಆಸೆ ಇರೋರು ಸ್ಟೆಡ್ಲರ್ ಕಂಪ್ನಿದು ಫಿಮೋ ಸಾಫ್ಟ್ ಅನ್ನೋ, ಓವನ್ನಲ್ಲಿ ಬೇಯಿಸಿ ಗಟ್ಟಿ ಮಾಡೋ ಪಾಲಿಮರ್ ಕ್ಲೇ ಧೈರ್ಯವಾಗಿ ತಗೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿನೇ, ಆದ್ರೆ ಕೊಟ್ಟಿದ್ದಕ್ಕೆ ಮೋಸ ಇಲ್ಲ. ನಾನು ಬಿಳಿ, ಕಪ್ಪು, ಹಸಿರು, ಹಳದಿ ನಾಲ್ಕು ಬ್ಲಾಕ್ ತರಿಸ್ದೆ, ಒಂದೊಂದು 57 ಗ್ರಾಂ. ಆರು ಪೆನ್ ಆದ್ಮೇಲೂ ಅರ್ಧಕ್ಕಿಂತ ಜಾಸ್ತಿ ಡಬ್ಬೀಲಿ ಉಳಿದಿದೆ.

ಇದೆಲ್ಲ ಶುರುವಾಗಿದ್ದು ನಮ್ಮತ್ತಿಗೆಯಿಂದ. ಅವ್ರು ಸಾಗರದ ಹತ್ರ ಊರಿನ ಹಾಲಿನ ಡೈರೀಲಿ ಬೆಳಿಗ್ಗೆ ಸಂಜೆ ಎಲ್ರ ಪುಸ್ತಕಕ್ಕೂ ಲೀಟರು, ಫ್ಯಾಟು ಬರೀತಾರೆ, ಟೇಬಲ್ ಮೇಲಿಟ್ಟ ಪೆನ್ ವಾರಕ್ಕೊಂದು ಯಾರದ್ದೋ ಜೇಬು ಸೇರುತ್ತೆ, ಅದ್ರ ಮೇಲೆ ಸಣ್ಣ ಪೆನ್ ಹಿಡಿದು ಹಿಡಿದು ಹೆಬ್ಬೆರಳು ನೋವು ಬೇರೆ. ದಪ್ಪಗೆ, ನೋಡಿದ್ ಕೂಡ್ಲೇ ಇವ್ರದ್ದೇ ಅಂತ ಗೊತ್ತಾಗೋ ಹಾಗೆ ಒಂದು ಪೆನ್ ಮಾಡಿಕೊಡ್ಬೇಕು ಅಂತ ನಂಗೆ ಮನಸ್ಸಾಯ್ತು.

ಇದಕ್ಕೂ ಮುಂಚೆ ಆನ್‌ಲೈನಲ್ಲಿ 24 ಬಣ್ಣದ ಒಂದು ಅಗ್ಗದ ಪ್ಯಾಕೆಟ್ ತಗೊಂಡು ಮೋಸ ಹೋಗಿದ್ದೆ. ಹೆಸ್ರಲ್ಲಿ ಪಾಲಿಮರ್ ಅಂತ ಇತ್ತು, ಬಂದಿದ್ದು ಗಾಳಿಗೆ ಒಣಗೋ ಕ್ಲೇ, ಪೆನ್ನಿಗೆ ಸುತ್ತಿದ್ರೆ ಮಾರನೇ ದಿನ ಬಿರುಕು ಬಿಟ್ಟು ಸಿಪ್ಪೆ ಥರ ಎದ್ದು ಬಂತು. ಎರಡೂ ಬೇರೆ ಬೇರೆ ವಸ್ತು. ಗಾಳಿಗೆ ಒಣಗೋದ್ರಲ್ಲಿ ನೀರಿರುತ್ತೆ, ನೀರು ಆರಿದ್ರೆ ಕುಗ್ಗುತ್ತೆ. ಪಾಲಿಮರ್ ಕ್ಲೇ ಅಂದ್ರೆ ಪಿವಿಸಿ ಪುಡಿಗೆ ಅದನ್ನ ಮೆತ್ತಗಿಡೋ ಎಣ್ಣೆಯಂಥ ಪ್ಲಾಸ್ಟಿಸೈಸರ್ ಸೇರಿಸಿರೋದು, ತಿಂಗಳುಗಟ್ಟಲೆ ಇಟ್ರೂ ಒಣಗಲ್ಲ, ಬಿಸಿ ಕೊಟ್ಟಾಗ ಮಾತ್ರ ಒಳಗಿನ ಕಣಗಳೆಲ್ಲ ಬೆಸ್ಕೊಂಡು ಗಟ್ಟಿಯಾಗುತ್ತೆ. ಪ್ಯಾಕೆಟ್ ಮೇಲೆ ಓವನ್ ಡಿಗ್ರಿ ಎಷ್ಟು, ಎಷ್ಟು ನಿಮಿಷ ಅಂತ ಬರೆದಿಲ್ಲ ಅಂದ್ರೆ ತಗೋಬೇಡಿ. ಫಿಮೋದಲ್ಲಿ 110 ಡಿಗ್ರಿ, 30 ನಿಮಿಷ ಅಂತ ಸ್ಪಷ್ಟವಾಗಿದೆ.

ಬ್ಲಾಕ್ ತೆಗೆದಾಗ ಸ್ವಲ್ಪ ಬಿಗಿ ಇರುತ್ತೆ, ಐದು ನಿಮಿಷ ನಾದಿದ್ರೆ ಹೋಳಿಗೆ ಕಣಕದ ಹದಕ್ಕೆ ಬರುತ್ತೆ. ಆದ್ರೆ ಏಪ್ರಿಲ್ ಸೆಕೇಲಿ ಅದೇ ಮೆತ್ತಗಿರೋದು ತೊಂದ್ರೆ, ಮುಟ್ಟಿದಲ್ಲೆಲ್ಲ ಬೆರಳಚ್ಚು. ಅದಕ್ಕೆ ಉಪಾಯ ಇದೆ, ತೆಳ್ಳಗೆ ಲಟ್ಟಿಸಿ ಎರಡು ಬಿಳಿ ಕಾಗದದ ನಡುವೆ ಒಂದು ಗಂಟೆ ಭಾರ ಹೇರಿಟ್ರೆ ಜಾಸ್ತಿ ಇರೋ ಪ್ಲಾಸ್ಟಿಸೈಸರ್‌ನ ಕಾಗದ ಹೀರ್ಕೊಳ್ಳುತ್ತೆ, ಕಾಗದದ ಮೇಲೆ ಎಣ್ಣೆ ಕಲೆ ಕಾಣ್ಸುತ್ತೆ, ಕ್ಲೇ ಬಿಗಿಯಾಗುತ್ತೆ. ಬಿಳಿ ಬಣ್ಣದ ಕೆಲ್ಸ ಮೊದ್ಲು ಮುಗಿಸ್ಕೊಳ್ಳಿ, ಕಪ್ಪು ಮುಟ್ಟಿದ ಕೈಯಲ್ಲಿ ಬಿಳಿ ಹಿಡಿದ್ರೆ ಮುಗೀತು.

ಡಿಸೈನ್ ಮಾಡೋದೇ ನಂಗೆ ತುಂಬ ಇಷ್ಟವಾದ ಭಾಗ. ಕೇನ್ ಅಂತಾರೆ, ಬಣ್ಣಬಣ್ಣದ ಉದ್ದ ಕಡ್ಡಿಗಳನ್ನ ಜೋಡಿಸಿ ಒಂದೇ ದಪ್ಪ ಸುರುಳಿ ಮಾಡೋದು. ನಮ್ಕಡೆಯವ್ರಿಗೆ ಪತ್ರೊಡೆ ಅಂದ್ರೆ ಸಾಕು, ಸುರುಳಿ ಸುತ್ತಿದ ಕೆಸುವಿನೆಲೆ ಎಲ್ಲಿ ಕೊಯ್ದ್ರೂ ಅದೇ ಚಿತ್ರ ಬರಲ್ವಾ, ಹಾಗೇನೇ. ನಾನು ಮಧ್ಯ ಹಳದಿ ಕಡ್ಡಿ, ಸುತ್ತ ಐದು ಬಿಳಿ ಎಸಳು, ಎಸಳಿನ ಸಂದಿಗೆ ಹಸಿರು ತುಂಬಿ ಹೂವಿನ ಕೇನ್ ಮಾಡ್ದೆ. ಹೆಬ್ಬೆರಳು ದಪ್ಪ ಇದ್ದಿದ್ದನ್ನ ಒತ್ತಿ ಒತ್ತಿ ಎಳೆದು ಪೆನ್ಸಿಲ್ ಸಣ್ಣ ಮಾಡಿದ್ರೆ ಒಳಗಿರೋ ಹೂವೂ ಅದೇ ಆಕಾರದಲ್ಲಿ ಚಿಕ್ಕದಾಗುತ್ತೆ. ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಹೊಸ ಬ್ಲೇಡಲ್ಲಿ ಕೊಯ್ದೆ, ಒಂದೊಂದು ಬಿಲ್ಲೆ ಒಂದು ಮಿಲಿಮೀಟರ್, ಕೊಯ್ದಲ್ಲೆಲ್ಲ ಐದೆಸಳಿನ ಹೂವು. ಕಪ್ಪು ಕ್ಲೇ ಸುತ್ತಿದ ಪೆನ್ ಮೇಲೆ ಬಿಲ್ಲೆ ಒತ್ತೊತ್ತಾಗಿ ಅಂಟಿಸಿ, ಗಾಜಿನ ಮೇಲಿಟ್ಟು ಅಂಗೈಯಲ್ಲಿ ಬತ್ತಿ ಹೊಸೆದ ಹಾಗೆ ಮೆಲ್ಲಗೆ ಉರುಳಿಸ್ತಾ ಇದ್ರೆ ಜೋಡಣೆ ಗೆರೆ ಒಂದೊಂದೇ ಮಾಯವಾಗುತ್ತೆ. ಇಂಥ ಸಣ್ಣ ಚಿತ್ರಕ್ಕೆ ಫಿಮೋದಲ್ಲೇ ಪ್ರೊಫೆಷನಲ್ ಅಂತ ಇನ್ನೊಂದು ಬರುತ್ತೆ, ಅದು ಗಟ್ಟಿ, ಗೆರೆ ಕದಡಲ್ಲ, ಆದ್ರೆ ನಾದೋಕೆ ಕೈಗೆ ಶಕ್ತಿ ಬೇಕು.

ಪೆನ್ ಆರಿಸೋವಾಗ ಹುಷಾರು. ನಾನು ಮೊದ್ಲು ತಗೊಂಡ ಗಾಜಿನ ಹಾಗೆ ಪಾರದರ್ಶಕವಾಗಿದ್ದ ಪೆನ್ ಓವನ್ನಲ್ಲಿ ಬಾಳೆಹಣ್ಣಿನ ಥರ ಬಾಗ್ತು, ಎರಡು ಗಂಟೆ ಕೆಲ್ಸ ಹಾಳು, ಆವತ್ತು ನಿಜಕ್ಕೂ ಅಳು ಬಂತು. ಖಾಲಿ ಕೊಳವೆ ಒಂದನ್ನೇ 30 ನಿಮಿಷ ಬಿಸಿಗಿಟ್ಟು ನೋಡಿ, ಬಾಗದೇ ಇದ್ರೆ ಮಾತ್ರ ಆ ಜಾತಿ ಪೆನ್ನಿಗೆ ಕ್ಲೇ ಹಾಕಿ. ರೀಫಿಲ್ ಮರೀದೆ ತೆಗೀರಿ, ಬಿಸಿಗೆ ಇಂಕು ಉಬ್ಬಿ ಹೊರಗೆ ಬರುತ್ತೆ. ಕೊಳವೆಗೆ ತೆಳ್ಳಗೆ ಫೆವಿಕಾಲ್ ಸವರಿ ಒಣಗಿಸ್ಕೊಂಡ್ರೆ ಕ್ಲೇ ಚೆನ್ನಾಗಿ ಹಿಡ್ಕೊಳ್ಳುತ್ತೆ, ಒಳಗೆ ಗಾಳಿ ಗುಳ್ಳೆ ಸಿಕ್ಕಿದ್ರೆ ಸೂಜೀಲಿ ಚುಚ್ಚಿ ಸವರಿ.

ಓಟಿಜಿ, ಅಂದ್ರೆ ಮನೇಲಿಡೋ ಚಿಕ್ಕ ಕರೆಂಟ್ ಓವನ್, ಅದ್ರ ಡಯಲ್ ನಂಬಬೇಡಿ. ಒಳಗಿಡೋ ಚಿಕ್ಕ ಥರ್ಮಾಮೀಟರ್ ತಂದು ನೋಡಿದ್ರೆ ನಮ್ಮನೇದು 110ಕ್ಕಿಟ್ಟಾಗ 130 ದಾಟಿತ್ತು. ಕೆಂಪಗೆ ಕಾಯೋ ರಾಡಿನ ಝಳಕ್ಕೆ ಬಿಳಿ ಎಸಳು ಕಂದುಬಣ್ಣ ಆಗುತ್ತೆ, ಮೇಲೆ ಫಾಯಿಲ್ ಮುಚ್ಚಿ. ಕರಟಿದ್ರೆ ಪಿವಿಸಿ ಹೊಗೆ ಒಳ್ಳೇದಲ್ಲ, ಕಿಟಕಿ ತೆಗೆದಿಡಿ, ಟ್ರೇ, ಬ್ಲೇಡು, ಲಟ್ಟಣಿಗೆ ಮತ್ತೆ ಅಡುಗೆಗೆ ಬಳಸ್ಬೇಡಿ. ಮೈಕ್ರೋವೇವ್ ಬೇಡವೇ ಬೇಡ. ಹೂವಿನ ಪೆನ್ ಒಳಗಿಟ್ಟು 12 ನಿಮಿಷಕ್ಕೆ ಕರೆಂಟ್ ಹೋಯ್ತು, ಮಳೆಗಾಲದಲ್ಲಿ ನಮ್ಮೂರಲ್ಲಿ ಇದ್ದಿದ್ದೇ, ರಾತ್ರಿಯಿಡೀ ಬರ್ಲಿಲ್ಲ. ಬೆಳಿಗ್ಗೆ ಪೂರ್ತಿ 30 ನಿಮಿಷ ಮತ್ತೆ ಬೇಯಿಸ್ದೆ, ಏನೂ ಆಗ್ಲಿಲ್ಲ, ಈ ಕ್ಲೇನ ಎಷ್ಟು ಸಲ ಬೇಕಾದ್ರೂ ಬೇಯಿಸ್ಬಹುದು, ಡಿಗ್ರಿ ಮೀರ್ಬಾರ್ದು ಅಷ್ಟೇ. ಹೊರಗೆ ತೆಗೆದಾಗ ರಬ್ಬರ್ ಥರ ಇರುತ್ತೆ, ಬೆಂದಿಲ್ಲ ಅಂತ ಗಾಬರಿ ಆಗ್ಬೇಡಿ, ಆರಿದ್ಮೇಲೆ ಗಟ್ಟಿ.

ಆಮೇಲೆ ನೀರಲ್ಲಿ ಅದ್ದಿ 400, 600, 1000 ನಂಬರ್ ಪಾಲಿಶ್ ಪೇಪರಲ್ಲಿ ಉಜ್ಜಿ, ಜೀನ್ಸ್ ಬಟ್ಟೇಲಿ ತಿಕ್ಕಿದ್ರೆ ಸಾಕು, ಮೆಲ್ಲಗೆ ಹೊಳಪು ಬರುತ್ತೆ. ನೇಲ್ ಪಾಲಿಶ್ ಹಚ್ಚೋಕೆ ಹೋಗ್ಬೇಡಿ, ದಿನ ಕಳೆದ ಹಾಗೆ ಅಂಟಂಟಾಗುತ್ತೆ.

ಆರರಲ್ಲಿ ಒಂದು ಸಿಮೆಂಟ್ ನೆಲಕ್ಕೆ ಬಿದ್ದು ತುದೀಲಿ ಸೀಳು ಬಿಟ್ಟಿದೆ, ಅದು ಕ್ಲೇ ತಪ್ಪಲ್ಲ, ಅಲ್ಲಿ ನಾನೇ ತೀರಾ ತೆಳ್ಳಗೆ ಸುತ್ತಿದ್ದೆ, ಎರಡು ಮಿಲಿಮೀಟರಾದ್ರೂ ಇರ್ಲಿ. ಅತ್ತಿಗೆ ಪೆನ್ನಿಗೆ ಮೂರು ರೀಫಿಲ್ ಬದಲಾಯ್ತು, ಒಂದು ಎಸಳೂ ಎದ್ದಿಲ್ಲ, ಹಾಲಿನ ಕೈ, ಒದ್ದೆ ಕೈ ಎಲ್ಲ ಆಗಿದೆ. ಮೊನ್ನೆ ಯಾರೋ ಮರೆತು ಜೇಬಿಗೆ ಹಾಕ್ಕೊಂಡು ಹೋದೋರು ಸಂಜೆ ಹಾಲಿಗೆ ಬಂದಾಗ ವಾಪಸ್ ತಂದುಕೊಟ್ರಂತೆ. "ಬೆರಳು ನೋವೂ ಕಮ್ಮಿ ಆಗಿದೆ ಮಾರಾಯ್ತಿ, ಕ್ಯಾನ್ ತೂಗೋನಿಗೂ ಒಂದು ಬೇಕಂತೆ, ಅವಂಗೆ ಹೂವು ಬೇಡ, ಎಮ್ಮೆ ಬರುತ್ತಾ ಕೇಳು ಅಂದ" ಅಂದ್ರು. ಎಮ್ಮೆ ಕೇನ್ ಮಾಡೋಕೆ ಕಪ್ಪು ಇನ್ನೆರಡು ಬ್ಲಾಕ್ ಆರ್ಡರ್ ಹಾಕಿದೀನಿ, ಈ ಸಲ ಪ್ರೊಫೆಷನಲ್, ಕೊಂಬು ಕದಡಬಾರ್ದಲ್ಲ.